ಮೆದುಳಿನ ನಕ್ಷೆ, ಗ್ರಹಣದ ಕತ್ತರಿ

ನನ್ನ ತಮ್ಮನ ಮಗಳು ನಕ್ಷೆ ಬಿಡಿಸುವವಳು. ಆದರೆ ವರ್ಕಾಡಿಯ ಬಸ್ಸಿನಲ್ಲಿ ಕೂತರೆ ನಮ್ಮ ಮನೆ ಎಲ್ಲಿ ಬರುತ್ತದೆ ಎಂದು ಅವಳಿಗೆ ಗೊತ್ತಾಗುವುದಿಲ್ಲ. ಹುಟ್ಟಿದ್ದು ಇಲ್ಲಿ, ಹತ್ತನೇ ಕ್ಲಾಸಿನವರೆಗೆ ನಡೆದದ್ದು ಇದೇ ರಸ್ತೆಯಲ್ಲಿ. ಆದರೂ ಪ್ರತಿ ಸಲ ಒಂದು ಸ್ಟಾಪು ಮುಂದೆ ಇಳಿದು, ಬ್ಯಾಗು ಎಳೆದುಕೊಂಡು, ಬಿಸಿಲಲ್ಲಿ ಹಿಂದೆ ನಡೆದು ಬರುತ್ತಾಳೆ. ಒಮ್ಮೆ ಜೀಪಿನವನು ಪಾಪ ಎಂದು ನಿಲ್ಲಿಸಿ ಕೇಳಿದನಂತೆ, “ಟೀಚರೇ, ಎಲ್ಲಿಗೆ ಹೋಗ್ಬೇಕು?” ಇವಳು ಹೇಳಿದಳಂತೆ, “ಅದನ್ನೇ ನೋಡ್ತಾ ಇದ್ದೇನೆ.”

ಇಂಥವಳ ಕೈಗೆ ನಕ್ಷೆಯ ಕೆಲಸ ಕೊಟ್ಟವರು ಯಾರು?

ಅವಳು ಬಿಡಿಸುವುದು ಊರಿನ ನಕ್ಷೆಯಲ್ಲ, ಮೆದುಳಿನದ್ದು. ಅದೂ ನನ್ನ ನಿಮ್ಮ ಮೆದುಳಲ್ಲ, ಅದರಲ್ಲಿ ಇನ್ನು ನೋಡಲು ಏನುಂಟು? ಹೊಟ್ಟೆಯೊಳಗಿನ ಮಗುವಿನ ಮೆದುಳು. ಅದು ಒಂದು ಕಾಳಿನಷ್ಟು ಇರುವಾಗಿನಿಂದ ಹೇಗೆ ಬೆಳೆಯುತ್ತದೆ, ಯಾವ ವಾರ ಯಾವ ಕೋಶ ಹುಟ್ಟುತ್ತದೆ, ಹುಟ್ಟಿದ್ದು ಎಲ್ಲಿಂದ ಎದ್ದು ಎಲ್ಲಿಗೆ ಹೋಗಿ ಕೂರುತ್ತದೆ, ಇದನ್ನೆಲ್ಲ ಒಂದೊಂದಾಗಿ ಗುರುತು ಹಾಕುವುದು. ದೂರದ ಊರಿನ ಒಂದು ಲ್ಯಾಬಿನಲ್ಲಿ ಇವಳಂಥವರು ಹಲವರು ಸೇರಿ ಈ ಕೆಲಸ ಮಾಡುತ್ತಾರಂತೆ. ಇವಳಂಥವರು ಹಲವರು ಒಂದೇ ಕಡೆ! ಆ ಲ್ಯಾಬಿನಲ್ಲಿ ಅಡಿಗೆ ಮಾಡುವವಳ ಗತಿ ನೆನೆದರೆ ನನಗೆ ಅಯ್ಯೋ ಅನಿಸುತ್ತದೆ.

ಅವಳ ಮರುಳಿನ ಬಗ್ಗೆ ಹೇಳುವ ಮೊದಲು ನಮ್ಮ ಮನೆಯ ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ.

ನಾನು ಬೀಡಿ ಕಟ್ಟುವವಳು. ಕಟ್ಟಲು ಶುರುಮಾಡಿ ಐವತ್ತು ವರ್ಷ ದಾಟಿತು. ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಓದಲು ಬರೆಯಲು ಬರುತ್ತದೆ, ಹೊತ್ತು ಬೇಕು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿ ನಾನು ಮತ್ತು ಮಗ ಉಮೇಶ. ಅವನಿಗೆ ನಲವತ್ತು ದಾಟಿದೆ. ಮಾತು ಕಡಿಮೆ, ನಡಿಗೆ ನಿಧಾನ, ಎಣಿಕೆ ಇಪ್ಪತ್ತೈದರಿಂದ ಮೇಲೆ ಹೋಗುವುದಿಲ್ಲ. ಇಪ್ಪತ್ತೈದು ಬೀಡಿ ಸೇರಿದರೆ ಒಂದು ಕಟ್ಟು. ನಮ್ಮ ಮನೆಗೆ ಅಷ್ಟು ಎಣಿಕೆ ಸಾಕು. ನಾನು ಸುತ್ತುತ್ತೇನೆ, ಅವನು ಎಣಿಸಿ ಕಟ್ಟು ಕಟ್ಟುತ್ತಾನೆ. ಹದಿನಾಲ್ಕನೇ ವಯಸ್ಸಿಗೆ ಫಿಟ್ಸ್ ಶುರುವಾಯಿತು. ಅಂದಿನಿಂದ ಮಾತ್ರೆ.

ಅವನು ಹೀಗೆ ಯಾಕೆ ಎಂಬುದಕ್ಕೆ ಊರಿನಲ್ಲಿ ಉತ್ತರ ಉಂಟು. ಅವನು ನನ್ನ ಹೊಟ್ಟೆಯಲ್ಲಿರುವಾಗ ಒಂದು ಸೂರ್ಯಗ್ರಹಣ ಬಂತು. ಗ್ರಹಣದ ಹೊತ್ತಿಗೆ ಬಸುರಿ ಹೊರಗೆ ಬರಬಾರದು, ಕತ್ತಿ ಕತ್ತರಿ ಮುಟ್ಟಬಾರದು, ಮುಟ್ಟಿದರೆ ಆ ಪೆಟ್ಟು ಒಳಗಿನ ಮಗುವಿಗೆ ಬೀಳುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಹೊರಗೆ ಬರಲಿಲ್ಲ. ಆದರೆ ಬೀಡಿ ಎಲೆ ಹಿಂದಿನ ದಿನವೇ ನೆನೆಸಿ ಗೋಣಿಯಲ್ಲಿ ಸುತ್ತಿ ಇಟ್ಟಾಗಿತ್ತು. ನೆನೆದ ಎಲೆಯನ್ನು ಕತ್ತರಿಸದೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಎಲೆಗೆ ಗ್ರಹಣ ಗೊತ್ತಿಲ್ಲ. ಬಾಗಿಲು ಹಾಕಿ, ಒಳಗೆ ಕೂತು, ಅಷ್ಟನ್ನೂ ಕತ್ತರಿಸಿದೆ. ಶಬ್ದ ಗಂಡನ ತಾಯಿಗೆ ಕೇಳಿಸಿತು. ಅವರಿಂದ ಊರಿಗೆ ಕೇಳಿಸಿತು.

ನಾನು ಇದನ್ನು ನಂಬಿದ್ದೆನೆ? ಬಾಯಿ ನಂಬಿರಲಿಲ್ಲ. ಯಾರಾದರೂ ಎತ್ತಿದರೆ ಎರಡು ಮಾತು ಹೇಳಿ ಕಳಿಸುತ್ತಿದ್ದೆ. ಆದರೆ ಕೈ ನಂಬಿತ್ತು. ದಿನಾ ಬೆಳಗಾದರೆ ಕತ್ತರಿ ಹಿಡಿಯುವ ಈ ಕೈ ಮಗನ ಒಂದು ಉಗುರನ್ನು ಕತ್ತರಿಸಿಲ್ಲ, ಒಂದು ಕೂದಲನ್ನು ಕತ್ತರಿಸಿಲ್ಲ. ಉಗುರು ಅವನೇ ಕಲ್ಲಿಗೆ ಉಜ್ಜಿಕೊಳ್ಳುತ್ತಾನೆ. ಕೂದಲಿಗೆ ಕ್ಷೌರದ ಅಂಗಡಿ.

ಈ ವರ್ಷ ವಿಷುವಿನ ನಂತರ ಅವನಿಗೆ ಫಿಟ್ಸ್ ಜಾಸ್ತಿಯಾಯಿತು. ಇಷ್ಟು ವರ್ಷ ಬರೀ ಮಾತ್ರೆಯಲ್ಲೇ ಕಳೆದದ್ದು, ಈಗ ಮಂಗಳೂರಿನ ಡಾಕ್ಟರು ತಲೆಯ ಸ್ಕ್ಯಾನ್ ಆಗಲೇಬೇಕು ಎಂದರು. ಸುದ್ದಿ ಕೇಳಿ ತಮ್ಮನ ಮಗಳು ಒಂದು ತಿಂಗಳ ರಜೆ ಹಾಕಿ ಹೊರಟು ಬಂದಳು. ತಮ್ಮ ಮತ್ತು ಅವನ ಹೆಂಡತಿ ಈಗ ಕುಂಬ್ಡಾಜೆಯಲ್ಲಿದ್ದಾರೆ. ಆದರೂ ಊರಿಗೆ ಬಂದರೆ ಅವಳು ಮೊದಲು ಇಳಿಯುವುದು ನಮ್ಮ ಮನೆಯಲ್ಲಿ. ಅಂದರೆ ಒಂದು ಸ್ಟಾಪು ಮುಂದೆ.

ಬಂದ ಮಾರನೇ ದಿನವೇ ಹೇಳಿದಳು, “ಅತ್ತೆ, ನೀವು ನಿಮ್ಮ ಕೆಲಸ ಮಾಡಿ. ಅಡಿಗೆ ನನ್ನದು.”

ತೊಂಡೆಕಾಯಿ ಕೊಟ್ಟು ನಾನು ಬೀಡಿಗೆ ಕೂತೆ. ಆರು ಕಟ್ಟು ಮುಗಿಯಿತು, ಒಲೆಯ ಕಡೆಯಿಂದ ಸದ್ದಿಲ್ಲ. ಹೋಗಿ ನೋಡಿದರೆ ಊಟದ ತಟ್ಟೆಯ ಮೇಲೆ ತೊಂಡೆಕಾಯಿಯ ಬಿಲ್ಲೆಗಳನ್ನು ಸಾಲಾಗಿ ಜೋಡಿಸುತ್ತಿದ್ದಾಳೆ. ಎಷ್ಟು ತೆಳು ಎಂದರೆ ತಟ್ಟೆಯಲ್ಲಿ ಕೊರೆಸಿದ ನನ್ನ ಗಂಡನ ಹೆಸರನ್ನು ಅದರ ಮೂಲಕ ಓದಬಹುದು. ಅಷ್ಟು ಹೊತ್ತಿಗೆ ಆದದ್ದು ಮೂರು ತೊಂಡೆಕಾಯಿ.

“ಇದೆಂತ ಮಾರಾಯ್ತಿ?”

“ಸಾಲು ತಪ್ಪಿಸ್ಬೇಡಿ ಅತ್ತೆ. ಇದು ತೊಟ್ಟಿನ ಕಡೆಯದ್ದು, ಇದು ತುದಿಯದ್ದು. ಲ್ಯಾಬಿನಲ್ಲಿ ನಾವು ಹೀಗೆಯೇ ಇಡುದು.”

“ಹೊಟ್ಟೆಗೆ ಹೋದ ಮೇಲೆ ಅದು ಸಾಲಿನಲ್ಲಿ ನಿಲ್ತದಾ?”

ಅವಳು ಕತ್ತಿ ಕೆಳಗಿಟ್ಟು ನಿಜವಾಗಿ ಯೋಚಿಸಲು ಶುರುಮಾಡಿದಳು. ಅವಳ ದೊಡ್ಡ ರೋಗವೇ ಇದು. ಯಾರು ಏನು ಕೇಳಿದರೂ, ಕೊಂಕಿಗೆ ಕೇಳಿದರೂ, ಅದಕ್ಕೆ ಸರಿಯಾದ ಉತ್ತರ ಹುಡುಕುತ್ತಾಳೆ. ಬಿಟ್ಟರೆ ಸಂಜೆಯವರೆಗೆ ಹುಡುಕುತ್ತಾಳೆ. ನಾನು ಉಳಿದ ತೊಂಡೆಕಾಯಿಯನ್ನು ಎಳೆದುಕೊಂಡು ಐದು ನಿಮಿಷದಲ್ಲಿ ಕೊಚ್ಚಿ ಹಾಕಿದೆ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ತಟ್ಟೆಗೆ ಒಂದು ಅಂಟುಚೀಟಿ ಬಿದ್ದಿದೆ: “ತೊಂಡೆಕಾಯಿ. ಕತ್ತರಿಸಿದ್ದು: ನಾನು. ಹಾನಿ: ಇಲ್ಲ.” ನನ್ನ ಪಾತ್ರೆಗೂ ಒಂದು ಚೀಟಿ: “ತೊಂಡೆಕಾಯಿ. ಕತ್ತರಿಸಿದ್ದು: ಅತ್ತೆ. ಹಾನಿ: ಬಹಳ.”

“ನನ್ನ ಮನೆಯಲ್ಲಿ ನನಗೇ ಮಾರ್ಕು ಹಾಕ್ತೀಯಾ?” ಎಂದು ಕೇಳಿದೆ.

“ಬೈಲಿಕ್ಕೆ ಅಲ್ಲ ಅತ್ತೆ. ಅಲ್ಲಿ ಪ್ರತಿ ತುಂಡಿಗೂ ನಾವು ಇದನ್ನು ಬರೀಲೇಬೇಕು. ಎಂತದ್ದು, ಕತ್ತರಿಸಿದ್ದು ಯಾರು, ಕತ್ತರಿಸುವಾಗ ಹರಿದದ್ದು ಎಷ್ಟು. ನಾಳೆ ನಕ್ಷೆಯಲ್ಲಿ ಒಂದು ತೂತು ಕಂಡ್ರೆ, ಅದು ಮಗುವಿನಲ್ಲೇ ಇತ್ತಾ, ಕತ್ತರಿಸಿದ ಕೈಯಿಂದ ಆದದ್ದಾ ಅಂತ ಗೊತ್ತಾಗ್ಬೇಕಲ್ಲ?”

ನಾನು ಒಲೆಯ ಕಡೆಗೆ ತಿರುಗಿ ಪಲ್ಯಕ್ಕೆ ಒಗ್ಗರಣೆ ಹಾಕಿದೆ.

ಸ್ಕ್ಯಾನ್ ಆಯಿತು. ಉಮೇಶನನ್ನು ಆ ಗುಡುಗುಡು ಮಿಷನಿನ ಒಳಗೆ ಮಲಗಿಸಲು ಇವಳು ಹೊರಗೆ ನಿಂತು ಅವನ ಕಾಲು ಹಿಡಿದುಕೊಂಡು ಇಪ್ಪತ್ತೈದರವರೆಗೆ ಎಣಿಸುತ್ತಿದ್ದಳಂತೆ, ಮುಗಿದ ಕೂಡಲೇ ಮತ್ತೆ ಒಂದರಿಂದ. ಡಾಕ್ಟರು ಫಿಲ್ಮು ನೋಡಿ ಮಾತ್ರೆ ಬದಲಿಸಿದರು. “ಇದು ಈಗಿನದ್ದಲ್ಲ, ಹುಟ್ಟುವ ಮೊದಲೇ ಆದದ್ದು,” ಎಂದು ನನಗೆ ಹೇಳಿದರು.

ಹುಟ್ಟುವ ಮೊದಲೇ. ಊರು ಹೇಳಿದ್ದೂ ಅದನ್ನೇ ಅಲ್ಲವೇ? ಚೀಟಿ ತೆಗೆದುಕೊಂಡು ಮೆಡಿಕಲ್ ಶಾಪಿನ ಕಡೆಗೆ ನಡೆದೆ.

ಬೇರೆಯವರು ಇಂಥ ಫಿಲ್ಮನ್ನು ಕವರಿನಲ್ಲಿ ಹಾಕಿ ಬೀರುವಿನ ಮೇಲೆ ಇಡುತ್ತಾರೆ. ಇವಳು ತಂದು ಅಡಿಗೆಕೋಣೆಯ ಕಿಟಕಿಗೆ ಅಂಟಿಸಿದಳು. ಬೆಳಗ್ಗೆ ಆ ಕಿಟಕಿಗೆ ಬಿಸಿಲು ಬರುತ್ತದೆ. ಬಿಸಿಲು ಬಂದ ಕೂಡಲೇ ಚಾ ಹಿಡಿದುಕೊಂಡು ಅದರ ಎದುರು ನಿಲ್ಲುವುದು. ಬೇರೆಯವರು ಪೇಪರು ಓದುವ ಹಾಗೆ ಇವಳು ನನ್ನ ಮಗನ ತಲೆ ಓದುವುದು. ಚಾ ಆರಿ ಕೆನೆ ಕಟ್ಟಿದರೂ ಗೊತ್ತಾಗುವುದಿಲ್ಲ. ಉಮೇಶನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದ.

“ಇದು ನಾನಾ?” ಎಂದು ಕೇಳಿದ.

“ಹೌದು ಬಾವ.”

“ಒಳಗೆ ಕತ್ತಲೆ ಉಂಟು.”

“ಎಲ್ಲರದ್ದೂ ಹಾಗೆಯೇ ಬಾವ. ನಿಮ್ಮದಕ್ಕೆ ಬಿಸಿಲು ಬಂತು, ಅಷ್ಟೇ.”

ಆ ಫಿಲ್ಮಿನ ಸುದ್ದಿಯನ್ನು ಊರಿಗೆ ಹಬ್ಬಿಸಿದವಳು ಆಯಿಷಾ. ಆಯಿಷಾ ಎಂದರೆ ತಿಂಗಳಿಗೊಮ್ಮೆ ಪಂಚಾಯತಿನಿಂದ ಬಂದು ಮನೆಮನೆಯ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುವವಳು. ಕಿಟಕಿ ನೋಡಿ, “ಎಂತ ಅಕ್ಕ, ಹೂಕೋಸಿನ ಫೋಟೋ ಹಾಕಿದ್ದೀರಿ?” ಎಂದಳು. “ಅದು ನನ್ನ ಮಗನ ಮೆದುಳು,” ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಹೋಗಿ, ತಲೆಯ ಬಟ್ಟೆ ಸರಿಮಾಡಿಕೊಂಡು, ಮೆದುಳಿಗೆ ಮರ್ಯಾದೆ ಕೊಟ್ಟಳು.

ಇವಳು ಹೊರಗೆ ಬಂದು ಜಗಲಿಯಲ್ಲಿ ಆಯಿಷಾಳ ಚೀಲದ ಎದುರು ಕೂತೇಬಿಟ್ಟಳು. “ಚೀಲ ನೋಡಿ ಮನೆಯ ಸಂಗತಿ ಗೊತ್ತಾಗ್ತದಾ?” ಎಂದು ಕೇಳಿದಳು.

“ಗೊತ್ತಾಗದೆ?” ಎಂದಳು ಆಯಿಷಾ. “ಇದು ನೋಡಿ, ಮಾತ್ರೆಯ ಪಟ್ಟಿ, ಶುಗರಿನ ಮನೆ. ಇದರಲ್ಲಿ ಬೇಬಿ ಬಿಸ್ಕಿಟಿನ ಕವರು, ಮಗುವಿಗೆ ಹಲ್ಲು ಬರ್ತಾ ಉಂಟು. ಇವರಲ್ಲಿ ಗಲ್ಫಿನ ಚಾಕ್ಲೇಟ್ ಕವರು. ಜನ ಬಂದಿದ್ದಾರೆ, ನೆರೆಕರೆಗೆ ಹೇಳ್ಲಿಲ್ಲ.”

ಇವಳ ಮುಖ ಅರಳಿತು. “ನನ್ನ ಕೆಲಸವೂ ಇದೇ ಆಯಿಷಾ. ಪ್ರತಿ ಕೋಶದ ಒಳಗೂ ಒಂದೇ ದೊಡ್ಡ ಪುಸ್ತಕ ಉಂಟು, ಎಲ್ಲದರಲ್ಲೂ ಅದೇ ಪುಸ್ತಕ. ಆದ್ರೆ ಒಂದೊಂದು ಕೋಶ ತನಗೆ ಬೇಕಾದ ಪುಟ ಮಾತ್ರ ತೆಗೆದು, ಅದರಿಂದ ಸಣ್ಣ ಸಣ್ಣ ಚೀಟಿ ಬರೀತದೆ. ನಾವು ಆ ಚೀಟಿ ಹೆಕ್ಕಿ ನೋಡುದು. ಇದು ಈಗ ಹುಟ್ಟಿದ್ದು, ಇದು ಹೊರಡ್ಲಿಕ್ಕೆ ರೆಡಿಯಾದದ್ದು, ಇದು ನಾಳೆ ಇಂಥದ್ದು ಆಗ್ತದೆ ಅಂತ ಚೀಟಿಯಿಂದಲೇ ಗೊತ್ತಾಗುದು.”

“ಅಷ್ಟಕ್ಕೆ ಎಷ್ಟು ವರ್ಷ ಕಲಿತದ್ದು?”

“ಶಾಲೆ ಬಿಟ್ಟು ಹನ್ನೆರಡು.”

ಆಯಿಷಾ ಚೀಲದ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡಳು. “ನಮಗೆ ಎರಡು ದಿನದ ಟ್ರೈನಿಂಗ್ ಆದದ್ದು,” ಎಂದು ಹೇಳಿ ಇಳಿದು ಹೋದಳು.

ಆ ಭಾನುವಾರ ಉಮೇಶನ ಕ್ಷೌರ. ಇದು ನಮ್ಮ ಮನೆಯ ದೊಡ್ಡ ಯುದ್ಧ. ಅವನಿಗೆ ಕುತ್ತಿಗೆಗೆ ಬಟ್ಟೆ ಕಟ್ಟಿದರೆ ಆಗುವುದಿಲ್ಲ, ಆ ಮಿಷನಿನ ಜುಂಯ್ ಎಂಬ ಶಬ್ದ ಆಗುವುದಿಲ್ಲ. ಇಬ್ಬರು ಹಿಡಿಯಬೇಕು, ಒಬ್ಬ ಕತ್ತರಿಸಬೇಕು. ನಾನು ಯಾವಾಗಲೂ ಹೊರಗೆ ನಿಲ್ಲುತ್ತೇನೆ, ರಸ್ತೆಗೆ ಮುಖ ಮಾಡಿ. ಈ ಸಲ ಇವಳೂ ಹಿಡಿಯಲು ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕುರ್ಚಿ ಬಿದ್ದ ಶಬ್ದ. ಉಮೇಶ ಕುತ್ತಿಗೆಯ ಬಟ್ಟೆಯ ಸಮೇತ ರಸ್ತೆಗೆ ಬಂದ. ತಲೆಯ ಬಲಗಡೆ ಚೊಕ್ಕ ಕತ್ತರಿಸಿದೆ, ಎಡಗಡೆ ಮೊದಲಿನ ಹಾಗೆ ಕಾಡು. ಮತ್ತೆ ಒಳಗೆ ಹೋಗಲು ಸುತರಾಂ ಒಪ್ಪಲಿಲ್ಲ. ಕ್ಷೌರದವನು ಬಾಗಿಲಲ್ಲಿ ನಿಂತು, “ಬಟ್ಟೆಯಾದ್ರೂ ಕೊಟ್ಟು ಹೋಗು ಮಾರಾಯ,” ಎಂದು ಕೈಮುಗಿದ.

ದಾರಿಯಲ್ಲಿ ಇವಳು ಕೇಳಿದಳು, “ಅತ್ತೆ, ದಿನಾ ಅಷ್ಟು ಎಲೆ ಕತ್ತರಿಸ್ತೀರಿ. ಬಾವನ ಕೂದಲು ನೀವೇ ಮನೆಯಲ್ಲಿ ಕತ್ತರಿಸಬಹುದಲ್ಲ?”

“ನನ್ನ ಕತ್ತರಿ ಎಲೆಗೆ ಮಾತ್ರ.”

ಅವಳು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚಿಕೊಂಡಳು. ಈ ಗ್ರಹಣದ ಕಥೆ ಅವಳಿಗೆ ಗೊತ್ತಿರಲಿಲ್ಲ. ಸಣ್ಣವಳಿರುವಾಗ ಯಾರೂ ಅವಳ ಎದುರು ಹೇಳಲಿಲ್ಲ, ದೊಡ್ಡವಳಾದ ಮೇಲೆ ಅವಳು ಊರಿನಲ್ಲಿರಲಿಲ್ಲ. ನಾನು ಹೇಳುವ ಪ್ರಶ್ನೆಯೇ ಇಲ್ಲ.

ಅವಳಿಗೆ ಗೊತ್ತಾದದ್ದು ನೆರೆಮನೆಯ ಸೀಮಂತದಲ್ಲಿ. ಅವರ ಮಗನ ಹೆಂಡತಿಗೆ ಏಳನೇ ತಿಂಗಳು. ನಮಗೆ ಮೂವರಿಗೂ ಊಟಕ್ಕೆ ಹೇಳಿಕೆ ಇತ್ತು. ಉಮೇಶ ಅರ್ಧ ತಲೆಯಲ್ಲೇ ಹೊರಟ. ಊಟ ಎಂದರೆ ಅವನು ಬಿಡುವವನಲ್ಲ. ಎಲ್ಲರೂ ಹುಡುಗಿಗೆ ಹೂ ಮುಡಿಸಿ, ಬಳೆ ತೊಡಿಸಿ, ತಿಂಡಿ ಕೊಡುತ್ತಿದ್ದರೆ ಇವಳು ಹೋಗಿ ಪಕ್ಕದಲ್ಲಿ ಕೂತು ಕೇಳಿದಳು, “ಎಷ್ಟನೇ ವಾರ?”

“ಇಪ್ಪತ್ತೆಂಟು.”

“ಒಳ್ಳೆ ವಾರ. ಮೊದಲು ನಿಮ್ಮ ಮಗುವಿನ ಮೆದುಳು ನುಣ್ಣಗೆ ಇತ್ತು. ಈಗ ಬೇಗ ಬೇಗ ಮಡಿಕೆ ಬೀಳ್ತಾ ಉಂಟು. ಒಳಗೆ ಭಾರೀ ಕೆಲಸ ನಡೀತಾ ಉಂಟು.”

ಹುಡುಗಿ ಗಾಬರಿಯಾಗಿ ಹೊಟ್ಟೆ ಹಿಡಿದುಕೊಂಡಳು. ಅವಳ ಅತ್ತೆ ಓಡಿ ಬಂದರು. “ನುಣ್ಣಗೆ ಇದ್ರೆ ಇರ್ಲಿ ಮಾರಾಯ್ತಿ, ನೀನು ಮಡಿಕೆ ಗಿಡಿಕೆ ಮಾಡ್ಬೇಡ,” ಎಂದರು. ಹೆಂಗಸರೆಲ್ಲ ನಕ್ಕರು. ಇವಳಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ.

ಊಟಕ್ಕೆ ಕೂತ ಮೇಲೆ ಯಾರೋ ಮುಂದಿನ ಗ್ರಹಣದ ಮಾತು ತೆಗೆದರು. ಆ ಮನೆಯಲ್ಲಿ ಒಬ್ಬರು ಮುದುಕಿ ಇದ್ದಾರೆ, ನನಗಿಂತಲೂ ಹತ್ತು ವರ್ಷಕ್ಕೆ ದೊಡ್ಡವರು, ಕಿವಿ ಮಂದ. ಕಿವಿ ಮಂದ ಇರುವವರು ಗುಟ್ಟನ್ನೂ ಊರಿಗೆ ಕೇಳುವ ಹಾಗೆ ಹೇಳುತ್ತಾರೆ. ಅವರು ಹುಡುಗಿಗೆ ಹೇಳಿದರು, “ಆ ದಿನ ಕತ್ತರಿ ಮುಟ್ಟಬೇಡ. ಮುಟ್ಟಿದ್ರೆ ಎಂತ ಆಗ್ತದೆ ಅಂತ ಅಲ್ಲಿ ನೋಡು. ಅವನ ಅಮ್ಮ ಮುಟ್ಟಿದ್ಳು.” ಗದ್ದದಿಂದ ತೋರಿಸಿದ್ದು ಎದುರಿನ ಸಾಲಿನಲ್ಲಿ ಹೋಳಿಗೆ ತಿನ್ನುತ್ತಿದ್ದ ಉಮೇಶನನ್ನು. ಅರ್ಧ ಕೂದಲಿನಲ್ಲಿ ಅವನು ಆ ದಿನ ಆ ಮಾತಿಗೆ ಹೇಳಿಮಾಡಿಸಿದ ಹಾಗೆಯೇ ಇದ್ದ.

ನಾನು ಪಾಯಸ ಉಂಡೆ. ಬಿಸಿ ಇತ್ತು. ಇವಳ ಕೈ ಎಲೆಯಿಂದ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಈಗ ಎದ್ದು ಭಾಷಣ ಮಾಡುತ್ತಾಳೆ, ಊಟ ಹಾಳು ಎಂದುಕೊಂಡೆ. ಅವಳು ಭಾಷಣ ಮಾಡಲಿಲ್ಲ. ಆ ಮುದುಕಿಯ ಕಡೆಗೆ ತಿರುಗಿ, ಗಟ್ಟಿಯಾಗಿ ಒಂದೇ ಪ್ರಶ್ನೆ ಕೇಳಿದಳು:

“ಆಗ ಎಷ್ಟನೇ ತಿಂಗಳು?”

ಆ ಪ್ರಶ್ನೆಯನ್ನು ನಲವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ.

ಮನೆಗೆ ಬಂದು ನಾನು ಬೀಡಿಯ ಮೊರ ಮಡಿಲಿಗೆ ಎಳೆದುಕೊಂಡದ್ದೇ ತಡ, ಅವಳು ಪುಸ್ತಕ ಹಿಡಿದು ಎದುರು ಕೂತಳು.

“ಅತ್ತೆ, ಗ್ರಹಣ ಬಂದದ್ದು ಎಷ್ಟನೇ ತಿಂಗಳಲ್ಲಿ?”

“ಯಾರಿಗೆ ನೆನಪುಂಟು?”

“ನಿಮಗುಂಟು.”

“ಏಳು.”

“ಏಳು ಅಂತ ಹೇಗೆ ಗೊತ್ತು? ನಾಲ್ಕು ಆಗಿರಬಹುದು, ಐದು ಆಗಿರಬಹುದು.”

ಇವಳೆಂಥ ವಕೀಲಳು ಎಂದು ನನಗೆ ಸಿಟ್ಟು ಬಂತು. “ಸೀಮಂತದ ಬಳೆ ಕೈಯಲ್ಲಿತ್ತು. ನಮ್ಮಲ್ಲಿ ಸೀಮಂತ ಏಳರಲ್ಲೇ. ಬಳೆ ತೊಡಿಸಿ ಒಂದು ವಾರ ಆಗಿತ್ತಷ್ಟೇ.”

“ಆ ದಿನ ಬಳೆ ಕೈಯಲ್ಲಿತ್ತು ಅಂತ ಹೇಗೆ ಗೊತ್ತು?”

“ಕತ್ತರಿಗೆ ತಾಗಿ ಶಬ್ದ ಬರ್ತಿತ್ತು. ಎರಡೂ ಕೈ ತುಂಬ ಗಾಜಿನ ಬಳೆ. ಎಲೆ ಕತ್ತರಿಸಿದ ಶಬ್ದ ಹೊರಗೆ ಕೇಳ್ತದಾ? ಬಳೆಯ ಶಬ್ದದಿಂದಲೇ ಗಂಡನ ತಾಯಿಗೆ ಗೊತ್ತಾದದ್ದು.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಶಬ್ದ ಮಾತ್ರ ನನ್ನ ಕಿವಿಯಿಂದ ಹೋಗಿಲ್ಲ. ಈಗಲೂ ನಾನು ಬಳೆ ಹಾಕುವುದಿಲ್ಲ. ಗಂಡ ಹೋದ ಮೇಲೆ ಬಿಟ್ಟೆ ಎಂದು ಜನ ತಿಳಿದಿದ್ದಾರೆ. ಬಿಟ್ಟದ್ದು ಅದಕ್ಕೂ ಮೊದಲು.

ಅವಳು ಪುಸ್ತಕ ಮುಚ್ಚಿ ಎದ್ದು ಒಳಗೆ ಹೋದಳು. ಮರುದಿನದ ಪಲ್ಯಕ್ಕೆ ಇಟ್ಟಿದ್ದ ಬಾಳೆದಿಂಡು ತಂದು, ಅಡ್ಡಕ್ಕೆ ಒಂದು ಬಿಲ್ಲೆ ಕತ್ತರಿಸಿ, ನನ್ನ ಮೊರದ ಹೊಗೆಸೊಪ್ಪಿನ ಪಕ್ಕದಲ್ಲಿಟ್ಟಳು. ಬಿಲ್ಲೆಯನ್ನು ಮೆಲ್ಲಗೆ ಎಳೆದಾಗ ನೂಲು ನೂಲಾಗಿ ಎಳೆ ಬಂತು. ಬಾಳೆದಿಂಡು ಹೆಚ್ಚಿದವರಿಗೆ ಈ ನೂಲು ಗೊತ್ತು, ಬೆರಳಿಗೆ ಸುತ್ತಿ ತೆಗೆಯುತ್ತೇವೆ.

“ಮೆದುಳಿನ ಕೋಶ ಹುಟ್ಟುದು ಇಲ್ಲಿ ನಡುವಿನಲ್ಲಿ ಅತ್ತೆ. ಹೋಗಿ ಕೂರ್ಬೇಕಾದದ್ದು ಅಲ್ಲಿ ಹೊರಗೆ, ಸಿಪ್ಪೆಯ ಕಡೆ. ಈ ನೂಲಿನ ಹಾಗಿನ ಎಳೆ ಉಂಟು, ಅದನ್ನು ಹಿಡಿದುಕೊಂಡು ಒಂದೊಂದೇ ಹೋಗ್ತವೆ.”

“ನಿನ್ನ ಹಾಗೆ ಸ್ಟಾಪು ತಪ್ಪುವವು ಉಂಟಾ?”

“ಉಂಟು. ಆದ್ರೆ ಬಾವನಲ್ಲಿ ಕೆಲವು ಬಸ್ಸೇ ಹತ್ತಲಿಲ್ಲ.” ಅವಳು ಕಿಟಕಿಯ ಫಿಲ್ಮು ತಂದು ಬೆಳಕಿಗೆ ಹಿಡಿದಳು. ತಲೆಯ ನಡುವಿನಲ್ಲಿ ಎರಡು ಕಪ್ಪು ಕೊಳದ ಹಾಗೆ ಉಂಟು. ಅದರ ಅಂಚಿನಲ್ಲಿ ಸಣ್ಣ ಸಣ್ಣ ಬೂದಿ ಬಣ್ಣದ ಉಂಡೆ. “ಇವು ನೋಡಿ. ಹುಟ್ಟಿದಲ್ಲೇ ಕೂತವು. ಫಿಟ್ಸ್ ಬರುದು ಇವುಗಳಿಂದ. ಇನ್ನು ಕೇಳಿ. ಬಸ್ಸು ಹೊರಡ್ಲಿಕ್ಕೆ ಶುರುವಾಗುದು ಎರಡನೇ ತಿಂಗಳ ಕೊನೆಗೆ. ಐದು, ಹೆಚ್ಚೆಂದ್ರೆ ಆರನೇ ತಿಂಗಳಿಗೆ ಕೊನೆಯ ಬಸ್ಸೂ ಹೋಯ್ತು. ನೀವು ಕತ್ತರಿ ಹಿಡಿಯುವಾಗ ಸ್ಟ್ಯಾಂಡಿನಲ್ಲಿ ಒಂದು ಬಸ್ಸೂ ಇಲ್ಲ. ಇವು ಇಲ್ಲಿ ಕೂತು ಆಗಲೇ ತಿಂಗಳುಗಟ್ಟಲೆ ಆಗಿತ್ತು.”

ನಾನು ಬಾಳೆದಿಂಡಿನ ನೂಲನ್ನು ಬೆರಳಿಗೆ ಸುತ್ತುತ್ತಾ ಕೂತೆ. “ಹಾಗಾದ್ರೆ ಯಾಕೆ ಹತ್ತಲಿಲ್ಲ?”

“ಗೊತ್ತಿಲ್ಲ ಅತ್ತೆ. ಕೆಲವರಲ್ಲಿ ಆ ದೊಡ್ಡ ಪುಸ್ತಕದಲ್ಲೇ ಒಂದು ಅಕ್ಷರ ತಪ್ಪು ಇರ್ತದೆ. ಬಾವನಲ್ಲಿ ಎಂತ ಅಂತ ಪರೀಕ್ಷೆ ಮಾಡದೆ ಹೇಳ್ಲಿಕ್ಕೆ ಆಗುದಿಲ್ಲ, ಮಾಡಿದ್ರೂ ಗೊತ್ತಾಗದೆ ಇರಬಹುದು. ಯಾಕೆ ಅಂತ ಗೊತ್ತಿಲ್ಲ. ಯಾವಾಗ ಅಂತ ಗೊತ್ತುಂಟು.”

“ಹೊಗೆಸೊಪ್ಪು?” ಎಂದೆ. ಒಬ್ಬ ಕಳ್ಳ ಹೋದರೆ ಇನ್ನೊಬ್ಬನನ್ನು ಹುಡುಕುವುದು ನಮ್ಮ ಬುದ್ಧಿ.

“ಹೊಗೆಸೊಪ್ಪು ಒಳ್ಳೆಯದಲ್ಲ. ಆದ್ರೆ ಈ ಉಂಡೆ ಅದರಿಂದ ಅಂತ ಯಾರೂ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಜೊತೆ ಕೂತು ಬೀಡಿ ಕಟ್ಟಿದ ಬಸುರಿಯರು ಎಷ್ಟು ಮಂದಿ? ಅವರ ಮಕ್ಕಳೆಲ್ಲ ಎಂತ ಆದ್ರು?”

“ಒಬ್ಬಳು ನರ್ಸ್. ಒಬ್ಬ ಬಸ್ಸಿನ ಡ್ರೈವರ್. ಒಬ್ಬ ಪಂಚಾಯತ್ ಮೆಂಬರ್ ಆಗಿದ್ದ.”

ಅವಳು ಸ್ವಲ್ಪ ಯೋಚಿಸಿ ಹೇಳಿದಳು, “ಮೆಂಬರಿನ ಫಿಲ್ಮು ನೋಡದೆ ಎಂತದ್ದೂ ಹೇಳ್ಲಿಕ್ಕೆ ಆಗುದಿಲ್ಲ.”

ಆ ದಿನ ನಾನು ನಕ್ಕದ್ದು ಅಲ್ಲಿ. ಅವಳು ತಮಾಷೆಗೆ ಹೇಳಿದ್ದಲ್ಲ, ಅದು ನನಗೆ ಗೊತ್ತು.

ನಕ್ಕು ಮುಗಿದ ಮೇಲೆ ನನಗೊಂದು ಸಂಶಯ ಬಂತು. ಹೊಟ್ಟೆಯ ಒಳಗಿನ ಬಸ್ಸಿನ ಟೈಮು ಇವರಿಗೆ ಹೇಗೆ ಗೊತ್ತಾಯಿತು? ಒಳಗೆ ಹೋಗಿ ನೋಡಿದ್ದೇ? ಕೇಳಿದೆ. ಸದಾ ಬಡಬಡ ಮಾತಾಡುವವಳು ಫಿಲ್ಮನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು.

“ಉಳಿಯದ ಮಕ್ಕಳು ಅತ್ತೆ. ಮೂರು ತಿಂಗಳಿಗೆ, ನಾಲ್ಕಕ್ಕೆ, ಆರಕ್ಕೆ ಹೋದವು. ಅಮ್ಮಂದಿರು ಸಹಿ ಹಾಕಿ ಕೊಟ್ಟದ್ದು. ಯಾರ ಹೆಸರೂ ನಮಗೆ ಗೊತ್ತಾಗುದಿಲ್ಲ. ಎಷ್ಟನೇ ವಾರ ಅಂತ ಮಾತ್ರ ಬರೆದಿರ್ತದೆ. ಪೆಟ್ಟಿಗೆ ತೆಗೆಯುವ ಮೊದಲು ನಾನು ಒಂದು ನಿಮಿಷ ನಿಲ್ತೇನೆ. ಜೊತೆಯವರು ನಗಾಡ್ತಾರೆ.”

“ನಿಂತು ಎಂತ ಹೇಳ್ತಿ?”

“‘ನಾನು ಬಂದೆ’ ಅಂತ ಹೇಳ್ತೇನೆ. ಮತ್ತೆಂತ ಹೇಳುದು?”

ನನಗೆ ದೇವರು ದಿಂಡರು ಅಷ್ಟಕ್ಕಷ್ಟೇ. ಕೈಮುಗಿಯುವ ಅಭ್ಯಾಸವೂ ಕಡಿಮೆ. ಆದರೆ ಆ ದಿನದಿಂದ ನನಗೆ ಮುಖ ಕಾಣದ ಆ ಹೆಂಗಸರ ನೆನಪು ಬರುತ್ತದೆ. ಯಾವ ಊರಿನವರೋ, ಯಾವ ಭಾಷೆಯವರೋ. ಮಗು ಹೋದ ದಿನ, ಕಣ್ಣೀರು ಆರುವ ಮೊದಲು, ಯಾರೋ ಒಂದು ಕಾಗದ ಮುಂದೆ ಇಟ್ಟಿರುತ್ತಾರೆ. ಬೈದು ಕಳಿಸಬಹುದಿತ್ತು. ನಾನಾಗಿದ್ದರೆ ಬೈಯುತ್ತಿದ್ದೆ. ಅವರು ಸಹಿ ಹಾಕಿದರು. ಅವರ ಮಕ್ಕಳು ಒಂದೊಂದು ವಾರ ತೋರಿಸಿಕೊಟ್ಟವು. ಅಷ್ಟು ವಾರ ಸೇರಿ ಒಂದು ನಕ್ಷೆ ಆಯಿತು. ಆ ನಕ್ಷೆಯಲ್ಲಿ ಹುಡುಕಿದಾಗ ನನ್ನ ಕತ್ತರಿ ಎಲ್ಲಿಯೂ ಇರಲಿಲ್ಲ. ಅವರಿಗೆ ನಾನು ಏನು ಕೊಡಲಿ? ಅವರಿಗೆ ಇದು ಗೊತ್ತೂ ಆಗುವುದಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ. ಬೀಡಿ ಎಲೆ ಬೂಸ್ಟು ಹಿಡಿಯದ ಹಾಗೆ ನೋಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ.

ಅವಳು ಹೊರಡುವ ದಿನ ಬೆಳಗ್ಗೆ ನಾನು ಎಲೆ ಕತ್ತರಿಸುವ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದೆ. ಜಗಲಿಗೆ ಸ್ಟೂಲು ಹಾಕಿ ಉಮೇಶನನ್ನು ಕರೆದೆ. ಕುತ್ತಿಗೆಗೆ ಬಟ್ಟೆ ಕಟ್ಟಲಿಲ್ಲ.

ಅವನು ಕೂತು ನನ್ನ ಕೈ ನೋಡಿದ, ಕತ್ತರಿ ನೋಡಿದ.

“ನೀನಾ?” ಎಂದ.

“ನಾನೇ.”

“ಕಿವಿ ಜಾಗ್ರತೆ.”

ಕತ್ತರಿಯ ಬಾಯಿ ತೆರೆದು, ಇನ್ನೊಂದು ಕೈಯಲ್ಲಿ ಅವನ ಕೂದಲು ಹಿಡಿದೆ. ಅವನ ಕೂದಲು ಎಷ್ಟು ಮೆತ್ತಗೆ ಉಂಟು ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಅಲ್ಲಲ್ಲಿ ಬೆಳ್ಳಗಾಗಿದೆ. ಕತ್ತರಿಯ ಒಂದೊಂದು ಶಬ್ದಕ್ಕೆ ಅವನು ಒಂದು, ಎರಡು ಎಂದು ಎಣಿಸುತ್ತಿದ್ದ. ಇಪ್ಪತ್ತೈದಕ್ಕೆ “ಕಟ್ಟು” ಎಂದು ಹೇಳಿ ಮತ್ತೆ ಒಂದರಿಂದ. ಯಾರೂ ಹಿಡಿಯಲಿಲ್ಲ. ಅವನು ಕದಲಲಿಲ್ಲ. ಇವಳು ಮೆಟ್ಟಿಲಿನಲ್ಲಿ ಕೂತು ನೋಡುತ್ತಿದ್ದಳು. ಚಾ ಆರಿ ಕೆನೆ ಕಟ್ಟಿತು.

ಮುಗಿದ ಮೇಲೆ ಅವಳೇ ಗುಡಿಸಿದಳು. ಗುಡಿಸಿದ್ದರಲ್ಲಿ ಒಂದು ಚಿಟಿಕೆ ಕೂದಲು ಹೆಕ್ಕಿ, ಮಾತ್ರೆಯ ಖಾಲಿ ಡಬ್ಬಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ, ನನ್ನ ಮೊರದಲ್ಲಿಟ್ಟಳು. “ಬರ್ತೇನೆ ಅತ್ತೆ, ಬಸ್ಸಿಗೆ ಹೊತ್ತಾಯ್ತು,” ಎಂದು ಬ್ಯಾಗು ಎಳೆದುಕೊಂಡು ಇಳಿದಳು. ನೋಡಿದರೆ ರಸ್ತೆಯ ಆಚೆ ಬದಿಯಲ್ಲಿ, ಊರ ಒಳಗೆ ಬರುವ ಬಸ್ಸಿಗೆ ಕಾಯುತ್ತಾ ನಿಂತಿದ್ದಾಳೆ. ಉಮೇಶನನ್ನು ಕಳಿಸಿ ಈಚೆ ಬದಿಗೆ ದಾಟಿಸಿದೆ.

ಅವಳ ಬಸ್ಸು ಹೋದ ಮೇಲೆ ಕನ್ನಡಕ ಹಾಕಿಕೊಂಡು ಡಬ್ಬಿ ತೆಗೆದುಕೊಂಡೆ. ಅವಳ ಅಕ್ಷರ ಸಣ್ಣ, ಓದಲು ನನಗೆ ಹೊತ್ತು ಬೇಕು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ.

“ಬಾವನ ತಲೆ. ಕತ್ತರಿಸಿದ್ದು: ಅತ್ತೆ. ಹಾನಿ: ಇಲ್ಲ.”